ಗಡಿ ಬಂದ್ ಅಂದ್ರೆ ಯಾರಿಗೆ ಬಂದ್? ತಾತ್ಕಾಲಿಕ ನಿರ್ಬಂಧ ಇರೋವಾಗ ಬೇರೆ ದೇಶಕ್ಕೆ ಹೋಗೋರು, ವಾಪಸ್ ಬರೋರು ನೋಡ್ಕೋಬೇಕಾದ್ದು

ನ್ಯೂಸಲ್ಲಿ "ಗಡಿ ಬಂದ್" ಅಂತ ಬಂದ ತಕ್ಷಣ ಟಿಕೆಟ್ ಕ್ಯಾನ್ಸಲ್ ಮಾಡೋಕೆ ಓಡ್ಬೇಡಿ, ಹಾಗೇ "ಓಪನ್ ಆಯ್ತು" ಅಂತ ಬಂದ ತಕ್ಷಣ ಬುಕ್ ಮಾಡೋಕೂ ಓಡ್ಬೇಡಿ. ಗಡಿ ಅನ್ನೋದು ಎಲ್ಲರಿಗೂ ಒಟ್ಟಿಗೆ ಪೂರ್ತಿ ಮುಚ್ಚೋದು ತುಂಬಾ ಅಪರೂಪ, ಯಾರೋ ಕೆಲವರಿಗೆ ಮುಚ್ಚಿರತ್ತೆ, ಇನ್ಯಾರಿಗೋ ತೆಗೆದಿರತ್ತೆ, ಕೆಲವೊಮ್ಮೆ ಒಬ್ಬನೇ ಮನುಷ್ಯನಿಗೆ ಒಂದು ದಾರೀಲಿ ಮುಚ್ಚಿ ಇನ್ನೊಂದು ದಾರೀಲಿ ತೆಗೆದಿರತ್ತೆ. ಕೊರೋನಾ ಟೈಮಲ್ಲಿ ಅಮೆರಿಕ ಕೆನಡಾ ಗಡಿ 2020ರ ಮಾರ್ಚ್ 21ಕ್ಕೆ "ಮುಚ್ಚಿತು" ಅಂತ ಎಲ್ಲಾ ಕಡೆ ಬಂತಲ್ಲ, ಆದ್ರೆ ಲಾರಿಗಳು ದಿನಾ ಓಡಾಡ್ತಾನೇ ಇದ್ವು, ಮತ್ತೆ ಕೆನಡಾದವರು ಕಾರಲ್ಲಿ ಅಮೆರಿಕಕ್ಕೆ ಸುಮ್ನೆ ಸುತ್ತೋಕೆ ಹೋಗೋ ಹಾಗಿರ್ಲಿಲ್ಲ ಆದ್ರೆ ವಿಮಾನದಲ್ಲಿ ಹೋಗ್ಬಹುದಿತ್ತು, ಯಾಕಂದ್ರೆ ಆ ಆದೇಶ ಇದ್ದಿದ್ದೇ ರಸ್ತೆ ಮತ್ತೆ ದೋಣಿ ದಾಟೋ ಜಾಗಗಳಿಗೆ. ಹೆಡ್‌ಲೈನ್ ಓದಿದವರಿಗೆ ಇದು ಗೊತ್ತಾಗ್ಲೇ ಇಲ್ಲ, ಆದೇಶ ಓದಿದವರಿಗೆ ಗೊತ್ತಾಯ್ತು. ಅದಕ್ಕೇ ಈ ಇಡೀ ಬರಹದಲ್ಲಿ ನಾನು ಮತ್ತೆ ಮತ್ತೆ ಹೇಳೋದು ಒಂದೇ, ಮೂಲ ಆದೇಶ ಓದಿ. ಬೋರಿಂಗ್ ಆಗಿರತ್ತೆ, ವಕೀಲರ ಭಾಷೇಲಿರತ್ತೆ, ಆದ್ರೂ ಓದಿ.

ಆದೇಶ ಓದೋದು ಹೇಗೆ

ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದು ಮೊದಲ ಪ್ರಶ್ನೆ ಅಂತ ಎಲ್ರೂ ಅನ್ಕೋತಾರೆ, ಆದ್ರೆ ಎಷ್ಟೋ ಸಲ ಅದಕ್ಕಿಂತ ಮುಖ್ಯ ಆಗೋದು ನೀವು ಕಳೆದ ಕೆಲವು ದಿನ ಎಲ್ಲಿದ್ರಿ ಅನ್ನೋದು. 2020ರ ಫೆಬ್ರವರಿಯಲ್ಲಿ ಅಮೆರಿಕ ಚೀನಾ ವಿಷಯದಲ್ಲಿ ಹಾಕಿದ ನಿರ್ಬಂಧ ಚೀನಾದ ಪ್ರಜೆಗಳ ಮೇಲೆ ಅಲ್ಲ, ಹಿಂದಿನ 14 ದಿನದಲ್ಲಿ ಚೀನಾದಲ್ಲಿ ಇದ್ದ ವಿದೇಶಿಯರ ಮೇಲೆ, ನಿಮ್ಮದು ಯಾವ ಪಾಸ್‌ಪೋರ್ಟ್ ಆಗಿದ್ರೂ ಅಷ್ಟೇ. ಆಮೇಲೆ ಬೇರೆ ದೇಶಗಳಿಗೂ ಇದೇ ಮಾದರಿ ಬಂತು, ಅದಕ್ಕೇ ಆಗ ಜನ ನಿರ್ಬಂಧ ಇಲ್ಲದ ಯಾವುದಾದ್ರೂ ಮೂರನೇ ದೇಶಕ್ಕೆ ಹೋಗಿ ಎರಡು ವಾರ ಕೂತು ಆಮೇಲೆ ಅಮೆರಿಕಕ್ಕೆ ಹೋಗ್ತಿದ್ರು. ಅದು ಕಳ್ಳದಾರಿ ಏನಲ್ಲ, ಆದೇಶವೇ ಬಿಟ್ಟಿದ್ದ ದಾರಿ. ಆದ್ರೆ ಕೂತಿದ್ದ ಆ ಮೂರನೇ ದೇಶಾನೇ ಪಟ್ಟಿಗೆ ಸೇರಿಬಿಟ್ರೆ ಲೆಕ್ಕ ಮತ್ತೆ ಮೊದಲಿಂದ, ಅದಕ್ಕೆ ಈ ದಾರಿ ಹಿಡಿಯೋರು ಕೈಯಲ್ಲಿ ದುಡ್ಡು ರಜೆ ಎರಡೂ ಧಾರಾಳ ಇಟ್ಕೊಂಡೇ ಹೊರಡ್ಬೇಕು. ದಿನ ಎಷ್ಟು ಅನ್ನೋದೂ ಒಂದೊಂದು ದೇಶಕ್ಕೆ ಒಂದೊಂದು ಥರ, ಬ್ರಿಟನ್ನಿನ 2021ರ ಕೆಂಪು ಪಟ್ಟಿಗೆ (ಸೋಂಕಿನ ಅಪಾಯ ಜಾಸ್ತಿ ಅಂತ ಗುರುತಿಸಿದ್ದ ದೇಶಗಳು) ಹಿಂದಿನ 10 ದಿನ, ಅದೂ ಅಲ್ಲಿ ಉಳ್ಕೊಂಡಿದ್ರೆ ಮಾತ್ರ ಅಲ್ಲ, ಆ ದೇಶದ ಏರ್‌ಪೋರ್ಟಲ್ಲಿ ವಿಮಾನ ಬದಲಾಯಿಸಿದ್ರೂ ಲೆಕ್ಕಕ್ಕೆ ಬರ್ತಿತ್ತು.

ಆಮೇಲೆ ನೋಡ್ಬೇಕಾದ್ದು ನಿಮ್ಮ ಸ್ಟೇಟಸ್. ಆ ದೇಶದ ಪ್ರಜೆನಾ, ಖಾಯಂ ನಿವಾಸಿನಾ, ಕೆಲಸದ ವೀಸಾನಾ, ಓದೋಕೆ ಹೋಗ್ತಿರೋರಾ, ಟೂರಿಸ್ಟಾ. ಸಾಮಾನ್ಯವಾಗಿ ಬಾಗಿಲು ಮುಚ್ಚುವಾಗ ಟೂರಿಸ್ಟ್ ಮೊದಲು ಹೊರಗೆ, ತೆಗೆಯುವಾಗ ಟೂರಿಸ್ಟೇ ಕಡೇಲಿ ಒಳಗೆ. ಯಾಕೆ ಹೋಗ್ತಿದೀರಿ ಅನ್ನೋದು ಇನ್ನೊಂದು ಪ್ರಶ್ನೆ, ಚಿಕಿತ್ಸೆ, ಸಾವು, ಮದುವೆ, ಕೆಲಸ ಇವೆಲ್ಲ ಬೇರೆ ಬೇರೆ ಸಾಲಲ್ಲಿ ಬರತ್ತೆ. ಹೇಗೆ ಹೋಗ್ತಿದೀರಿ ಅನ್ನೋದು ಆಗ್ಲೇ ಹೇಳಿದೆ. ಇಷ್ಟನ್ನೂ ಒಂದು ಪೇಪರಲ್ಲಿ ಬರ್ಕೊಂಡು ಆಮೇಲೆ ಆದೇಶ ಓದಿದ್ರೆ ಯಾವ ಪ್ಯಾರಾ ನಿಮಗೆ ಸಂಬಂಧ ಪಟ್ಟಿದ್ದು ಯಾವುದು ಅಲ್ಲ ಅಂತ ಬೇಗ ಗೊತ್ತಾಗತ್ತೆ. ಮತ್ತೆ ಮೇಲಿನ ಪ್ಯಾರಾ ಓದಿ ನಿಲ್ಲಿಸ್ಬೇಡಿ, ವಿನಾಯಿತಿಗಳು ಸಾಮಾನ್ಯವಾಗಿ ಕೆಳಗಡೆ ಇರತ್ತೆ, ಅಸಲಿ ವಿಷಯ ಇರೋದೇ ಅಲ್ಲಿ. ಕುಟುಂಬದವರಿಗೆ ಬಿಡ್ತೀವಿ ಅಂತಿದ್ರೆ ಕುಟುಂಬ ಅಂದ್ರೆ ಯಾರು ಅಂತ ಅದೇ ಆದೇಶದಲ್ಲಿ ಎಲ್ಲೋ ಒಂದು ಕಡೆ ಬರೆದಿರತ್ತೆ, ಗಂಡ ಹೆಂಡತಿ ಮಕ್ಕಳು ಇರ್ತಾರೆ, ಅಪ್ಪ ಅಮ್ಮ ಇರ್ಬಹುದು ಇಲ್ಲದೇನೂ ಇರ್ಬಹುದು, ಅಜ್ಜಿ ತಾತ ಸಾಮಾನ್ಯವಾಗಿ ಇರಲ್ಲ. ಮದುವೆ ಆಗದ ಜೋಡಿಗಳನ್ನ 2020ರ ಶುರುವಲ್ಲಿ ಹೆಚ್ಚಿನ ದೇಶಗಳು ಲೆಕ್ಕಕ್ಕೇ ಇಟ್ಕೊಂಡಿರ್ಲಿಲ್ಲ, ಆಮೇಲೆ ಡೆನ್ಮಾರ್ಕ್ ಜರ್ಮನಿ ಥರದ ದೇಶಗಳು ಸಂಬಂಧಕ್ಕೆ ದಾಖಲೆ ತೋರಿಸಿದ್ರೆ ಬಿಡೋಕೆ ಶುರು ಮಾಡಿದ್ವು.

ಯಾವಾಗಿಂದ, ಯಾವಾಗಿನವರೆಗೆ

ಇದನ್ನ ಬೇರೆ ಹೆಡ್ಡಿಂಗ್ ಕೊಟ್ಟು ಬರೀತಿದೀನಿ ಯಾಕಂದ್ರೆ ಜನ ಎಡವೋದು ಜಾಸ್ತಿ ಇಲ್ಲೇ. ಆದೇಶ ಜಾರಿಗೆ ಬರೋ ಗಂಟೆ ಆ ದೇಶದ ಟೈಮಲ್ಲಿ ಇರತ್ತೆ, ನಿಮ್ಮ ಟೈಮಲ್ಲಿ ಅಲ್ಲ. ಮತ್ತೆ ಆ ಗಂಟೆ ವಿಮಾನ ಹೊರಡೋದಕ್ಕಾ ಇಳಿಯೋದಕ್ಕಾ ಅಂತ ನೋಡ್ಬೇಕು. 2020ರ ಮಾರ್ಚ್ 11ರ ರಾತ್ರಿ ಅಮೆರಿಕ ಯುರೋಪಿನ ಷೆಂಗೆನ್ ದೇಶಗಳಿಂದ (ತಮ್ಮ ನಡುವಿನ ಗಡೀಲಿ ಮಾಮೂಲಿಯಾಗಿ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ದೇಶಗಳು) ಬರೋರಿಗೆ ತಡೆ ಅಂತ ಘೋಷಣೆ ಮಾಡ್ತು, ಕೇಳಿಸ್ಕೊಂಡ ಅಮೆರಿಕನ್ ಪ್ರಜೆಗಳೇ ಗಾಬರಿ ಬಿದ್ದು ರಾತ್ರೋರಾತ್ರಿ ಯುರೋಪಿನ ಏರ್‌ಪೋರ್ಟುಗಳಿಗೆ ಓಡಿ ಬಾಯಿಗೆ ಬಂದ ರೇಟಿಗೆ ಟಿಕೆಟ್ ತಗೊಂಡ್ರು. ಆದ್ರೆ ಲಿಖಿತ ಆದೇಶದಲ್ಲಿ ಪ್ರಜೆಗಳಿಗೆ, ಖಾಯಂ ನಿವಾಸಿಗಳಿಗೆ, ಅವರ ಹತ್ತಿರದ ಕುಟುಂಬದವರಿಗೆ ತಡೆ ಇರ್ಲೇ ಇಲ್ಲ, ಮತ್ತೆ ಅದು ಜಾರಿಗೆ ಬಂದಿದ್ದು 13ನೇ ತಾರೀಖು ರಾತ್ರಿ 11:59ಕ್ಕೆ, ಅದಕ್ಕೆ ಮುಂಚೆ ಹೊರಟ ವಿಮಾನದಲ್ಲಿ ಇದ್ದವರಿಗೆ ಅನ್ವಯಾನೇ ಆಗ್ತಿರ್ಲಿಲ್ಲ. ಭಾಷಣ ಕೇಳಿ ದುಡ್ಡು ಕಳ್ಕೊಂಡ್ರು ಅಷ್ಟೇ.

ಇದಕ್ಕೆ ಉಲ್ಟಾ ಕೂಡ ಆಗತ್ತೆ. 2017ರ ಜನವರಿ 27ಕ್ಕೆ ಅಮೆರಿಕ ಏಳು ದೇಶದವರಿಗೆ 90 ದಿನ ಪ್ರವೇಶ ಇಲ್ಲ ಅಂತ ಆದೇಶ ಹೊರಡಿಸಿದಾಗ ಅದು ಸಹಿ ಬಿದ್ದ ತಕ್ಷಣ ಜಾರಿ, ಆಗ ಆಕಾಶದಲ್ಲಿ ಇದ್ದವರು ಇಳಿದ ಮೇಲೆ ಸಿಕ್ಕಾಕೊಂಡ್ರು, ಕೈಯಲ್ಲಿ ಸರಿಯಾದ ವೀಸಾ ಇತ್ತು, ಆದ್ರೂ. 2025ರ ಜೂನ್ ಆದೇಶಕ್ಕೆ ಹೋಲಿಸಿ ನೋಡಿ, 4ನೇ ತಾರೀಖು ಸಹಿ, 9ನೇ ತಾರೀಖು ಜಾರಿ, ಮತ್ತೆ ಅಷ್ಟರೊಳಗೆ ಕೊಟ್ಟಿದ್ದ ವೀಸಾಗಳನ್ನ ಈ ಆದೇಶದ ಹೆಸರಲ್ಲಿ ರದ್ದು ಮಾಡಲ್ಲ ಅಂತ ಅದರಲ್ಲೇ ಬರೆದಿತ್ತು. ಒಂದೇ ದೇಶ, ಹೆಚ್ಚುಕಮ್ಮಿ ಒಂದೇ ಥರದ ನಿರ್ಬಂಧ, ಆದ್ರೆ ಆ ಒಂದೆರಡು ಸಾಲಿಂದ ಸಾವಿರಾರು ಜನರ ಪ್ರಯಾಣ ಉಳಿಯತ್ತೆ ಅಥವಾ ಹೋಗತ್ತೆ.

ಇನ್ನು ಮುಗಿಯೋ ತಾರೀಖು. ಇದನ್ನ ನಂಬಿ ಬುಕ್ ಮಾಡ್ಬೇಡಿ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. 2020ರ ಮಾರ್ಚ್ 22ಕ್ಕೆ ಭಾರತ ಅಂತಾರಾಷ್ಟ್ರೀಯ ಪ್ರಯಾಣಿಕ ವಿಮಾನಗಳನ್ನ ನಿಲ್ಲಿಸಿದ್ದು ಒಂದು ವಾರಕ್ಕೆ, ಮಾಮೂಲಿ ವೇಳಾಪಟ್ಟಿ ವಿಮಾನಗಳು ಮತ್ತೆ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ, ನಡುವೆ ಇದ್ದಿದ್ದು ಹೊರಗೆ ಸಿಕ್ಕಾಕೊಂಡವರನ್ನ ಕರ್ಕೊಂಡು ಬರೋಕೆ ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನಗಳು, ಮತ್ತೆ ಎರಡು ದೇಶ ಒಪ್ಪಂದ ಮಾಡ್ಕೊಂಡು ಬಿಟ್ಟ ಏರ್ ಬಬಲ್ ವಿಮಾನಗಳು. ಅಮೆರಿಕ ಕೆನಡಾ ರಸ್ತೆ ಗಡಿ 30 ದಿನ ಅಂತ ಶುರುವಾಗಿ ತಿಂಗಳು ತಿಂಗಳು ಮುಂದೂಡ್ತಾ ಹೋಗಿ, ಅಮೆರಿಕದ ಕಡೆಯಿಂದ ಲಸಿಕೆ ಆದವರಿಗೆ ತೆಗೆದಿದ್ದು 2021ರ ನವೆಂಬರ್ 8ಕ್ಕೆ, ಕೆನಡಾ ಅದಕ್ಕೂ ಮುಂಚೆ ಆಗಸ್ಟ್ 9ಕ್ಕೇ ತನ್ನ ಕಡೆಯಿಂದ ತೆಗೆದಿತ್ತು. ಅಂದ್ರೆ ಮೂರು ತಿಂಗಳು ಒಂದೇ ಗೆರೆ ದಾಟಿ ಲಸಿಕೆ ಆದ ಅಮೆರಿಕದವರು ಕೆನಡಾಕ್ಕೆ ಹೋಗ್ಬಹುದಿತ್ತು, ಕೆನಡಾದವರು ರಸ್ತೇಲಿ ಅಮೆರಿಕಕ್ಕೆ ಸುತ್ತೋಕೆ ಬರೋ ಹಾಗಿರ್ಲಿಲ್ಲ. ಫಿನ್ಲೆಂಡ್ 2023ರ ನವೆಂಬರಲ್ಲಿ ರಷ್ಯಾ ಗಡಿಯ ಕೆಲವು ಚೆಕ್‌ಪೋಸ್ಟ್ ಮುಚ್ಚಿ, ತಿಂಗಳ ಕೊನೆಗೆ ಎಲ್ಲವನ್ನೂ ಮುಚ್ಚಿ, ಡಿಸೆಂಬರಲ್ಲಿ ಎರಡನ್ನ ತೆಗೆದು ಸ್ವಲ್ಪ ದಿನದಲ್ಲೇ ಮತ್ತೆ ಮುಚ್ಚಿ, ಆಮೇಲೆ 2024ರ ಏಪ್ರಿಲಲ್ಲಿ ಮುಂದಿನ ಆದೇಶದವರೆಗೆ ಅಂತ ಮಾಡಿತು. ತಾತ್ಕಾಲಿಕ ಅನ್ನೋ ಪದಕ್ಕೆ ಸರ್ಕಾರಗಳ ಹತ್ರ ಉದ್ದ ಅಳತೆ ಇದೆ.

ನನ್ನ ದೇಶಕ್ಕೆ ನಾನು ಹೋಗೋಕೂ ತಡೆನಾ

ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 12ನೇ ವಿಧಿ ಪ್ರಕಾರ ಯಾರನ್ನೂ ತಮ್ಮ ಸ್ವಂತ ದೇಶಕ್ಕೆ ಬರೋದನ್ನ ಮನಸ್ಸಿಗೆ ಬಂದ ಹಾಗೆ ತಡೆಯೋ ಹಾಗಿಲ್ಲ. ಹೆಚ್ಚಿನ ದೇಶಗಳು ಇದನ್ನ ಪಾಲಿಸ್ತಾವೆ, ಪ್ರಜೆಗಳಿಗೆ ಬಾಗಿಲು ತೆಗೆದೇ ಇರತ್ತೆ. ಆದ್ರೆ ಬಾಗಿಲು ತೆಗೆದಿರೋದು ಬೇರೆ, ಬಾಗಿಲವರೆಗೆ ತಲುಪೋದು ಬೇರೆ. ನ್ಯೂಜಿಲೆಂಡ್ ತನ್ನ ಪ್ರಜೆಗಳನ್ನ ತಡೀಲಿಲ್ಲ, ಆದ್ರೆ ಸರ್ಕಾರಿ ಕ್ವಾರಂಟೈನ್ ಹೋಟೆಲಲ್ಲಿ ರೂಮ್ ಬುಕ್ ಆಗಿರೋ ವೋಚರ್ ಇಲ್ಲದೆ ವಿಮಾನ ಹತ್ತೋ ಹಾಗಿರ್ಲಿಲ್ಲ, ರೂಮುಗಳೋ ಸಿಗ್ತಾನೇ ಇರ್ಲಿಲ್ಲ. ಆಸ್ಟ್ರೇಲಿಯಾ 2020ರ ಜುಲೈಯಿಂದ ಹೊರಗಿಂದ ಬರೋರ ಸಂಖ್ಯೆಗೆ ಮಿತಿ ಹಾಕ್ತು, ಅದರಿಂದ ವಿಮಾನದಲ್ಲಿ ಸೀಟೇ ಇಲ್ಲ. 2021ರ ಮೇ ತಿಂಗಳ ಮೊದಲ ಎರಡು ವಾರ ಅಂತೂ ಭಾರತದಲ್ಲಿ ಇದ್ದು ಬರೋರಿಗೆ, ತನ್ನದೇ ಪ್ರಜೆಗಳಾದ್ರೂ ಸರಿ, ಬಂದ್ರೆ ಜೈಲು ಅಥವಾ ದಂಡ ಅಂತ ಹೇಳಿತ್ತು. ಆಸ್ಟ್ರೇಲಿಯಾದಿಂದ ಹೊರಗೆ ಹೋಗೋಕೂ ಅಲ್ಲಿನ ಪ್ರಜೆಗಳು ವಿನಾಯಿತಿ ಕೇಳ್ಬೇಕಿತ್ತು, ಅದಕ್ಕೆ ಹೋಗೋ ದೇಶದ ನಿಯಮ ಮಾತ್ರ ನೋಡಿದ್ರೆ ಸಾಲ್ದು, ಇರೋ ದೇಶ ಹೊರಗೆ ಬಿಡತ್ತಾ ಅಂತಾನೂ ನೋಡ್ಬೇಕು, ಇದನ್ನ ಮರೆಯೋರು ತುಂಬಾ ಜನ.

ಖಾಯಂ ನಿವಾಸಿಗಳು ಪ್ರಜೆಗಳಷ್ಟೇ ಸೇಫ್ ಅಂತ ಅನ್ಕೋಬೇಡಿ. ಜಪಾನ್ 2020ರಲ್ಲಿ ಕೆಲವು ತಿಂಗಳು ಅಲ್ಲಿ ವರ್ಷಗಟ್ಟಲೆ ಮನೆ ಮಾಡ್ಕೊಂಡಿದ್ದ ವಿದೇಶಿಯರನ್ನೂ ಹೊರಗೆ ಹೋದ್ರೆ ವಾಪಸ್ ಬಿಟ್ಕೊಳ್ಳೋದು ಕಷ್ಟ ಮಾಡಿತ್ತು. ನೀವು ಬೇರೆ ದೇಶದಲ್ಲಿ ವೀಸಾ ಮೇಲೆ ವಾಸ ಇದ್ರೆ ನಿರ್ಬಂಧದ ಟೈಮಲ್ಲಿ ಹೊರಗೆ ಕಾಲಿಡೋ ಮುಂಚೆ ಹೋಗೋದರ ನಿಯಮಕ್ಕಿಂತ ವಾಪಸ್ ಬರೋದರ ನಿಯಮ ಮೊದಲು ಓದಿ. ಪಾಸ್‌ಪೋರ್ಟಲ್ಲಿ ಇರೋ ವೀಸಾ ಸ್ಟಿಕರ್ ಎಕ್ಸ್‌ಪೈರ್ ಆಗಿ ಒಳಗಡೆ ಇರೋಕೆ ಮಾತ್ರ ಪರ್ಮಿಟ್ ಇರೋರು ಇನ್ನೂ ಹುಷಾರು, ಹೊಸ ಸ್ಟಿಕರ್ ಹಾಕ್ಸೋಕೆ ರಾಯಭಾರ ಕಚೇರಿ ತೆಗೆದಿರ್ಬೇಕಲ್ಲ, ಗಡಿ ಬಂದ್ ಆಗಿರೋವಾಗ ಅದೂ ಬಂದ್ ಆಗಿರತ್ತೆ ಎಷ್ಟೋ ಸಲ.

ಮಾಹಿತಿ ಎಲ್ಲಿ ನೋಡೋದು, ಮತ್ತೆ ಏರ್‌ಲೈನ್ ಕೌಂಟರ್ ಅನ್ನೋ ಅಸಲಿ ಗಡಿ

ಹೋಗೋ ದೇಶದ ವಲಸೆ ಇಲಾಖೆ ವೆಬ್‌ಸೈಟ್, ಆರೋಗ್ಯ ಕಾರಣದ ನಿರ್ಬಂಧ ಆದ್ರೆ ಆರೋಗ್ಯ ಇಲಾಖೆದೂ, ನಿಮ್ಮ ದೇಶದಲ್ಲಿ ಇರೋ ಅವರ ರಾಯಭಾರ ಕಚೇರಿ ಪೇಜ್, ಮಧ್ಯೆ ಇಳಿಯೋ ಪ್ರತಿಯೊಂದು ದೇಶದ್ದೂ. ವಿದೇಶಾಂಗ ಇಲಾಖೆಗಳು ಕೊಡೋ ಟ್ರಾವೆಲ್ ಅಡ್ವೈಸರಿ ಬೇರೆ ವಸ್ತು, ಅದು ಸಲಹೆ, ನಿಷೇಧ ಅಲ್ಲ, ಹೋಗ್ಬೇಡಿ ಅಂತ ಅಂದ್ರೂ ನೀವು ಹೋಗ್ಬಹುದು, ಆದ್ರೆ ಎಷ್ಟೋ ಇನ್ಶೂರೆನ್ಸ್ ಪಾಲಿಸಿಗಳು ಆ ಸಲಹೆ ಮೀರಿ ಹೋದವರಿಗೆ ದುಡ್ಡು ಕೊಡಲ್ಲ ಅಂತ ಬರೆದಿರತ್ತೆ. ಯಾರೋ ನಿನ್ನೆ ಹೋಗಿ ಬಂದೆ ಏನೂ ಕೇಳ್ಲಿಲ್ಲ ಅಂತ ಹೇಳಿದ್ದನ್ನ ನಂಬಿ ಹೋಗ್ಬೇಡಿ, ಅವರ ಪಾಸ್‌ಪೋರ್ಟ್ ಬೇರೆ ಇರತ್ತೆ, ನಿನ್ನೆಯ ನಿಯಮ ಬೇರೆ ಇರತ್ತೆ. ಪೇಜ್ ಓದುವಾಗ ಕೊನೆಗೆ ಅಪ್‌ಡೇಟ್ ಆದ ತಾರೀಖು ನೋಡಿ, ಆ ಪೇಜ್ ಪಿಡಿಎಫ್ ಮಾಡಿ ತಾರೀಖು ಕಾಣೋ ಹಾಗೆ ಸೇವ್ ಮಾಡ್ಕೊಳ್ಳಿ, ಪ್ರಿಂಟೂ ಹಾಕಿ.

ಈ ಪ್ರಿಂಟ್ ಯಾಕೆ ಅಂದ್ರೆ ನಿಮ್ಮನ್ನ ಮೊದಲು ತಡೆಯೋರು ಇಮಿಗ್ರೇಷನ್ ಆಫೀಸರ್ ಅಲ್ಲ, ಚೆಕ್ ಇನ್ ಕೌಂಟರಲ್ಲಿ ಕೂತಿರೋ ಏರ್‌ಲೈನ್ ಸಿಬ್ಬಂದಿ. ಒಳಗೆ ಬಿಡದ ಪ್ರಯಾಣಿಕನನ್ನ ವಾಪಸ್ ಕರ್ಕೊಂಡು ಹೋಗೋದು ಆ ಏರ್‌ಲೈನ್ ಜವಾಬ್ದಾರಿ, ಸಾಲ್ದು ಅಂತ ತುಂಬಾ ದೇಶಗಳು ಸರಿಯಾದ ಪೇಪರ್ ಇಲ್ಲದವರನ್ನ ತಂದಿದ್ದಕ್ಕೆ ದಂಡಾನೂ ಹಾಕ್ತಾವೆ. ಅದಕ್ಕೆ ಅವರಿಗೆ ಸ್ವಲ್ಪ ಅನುಮಾನ ಬಂದ್ರೂ ಬೋರ್ಡಿಂಗ್ ಇಲ್ಲ ಅಂತಾರೆ, ಅವರ ಜಾಗದಲ್ಲಿ ಕೂತ್ರೆ ನಾವೂ ಅದನ್ನೇ ಅಂತೀವಿ. ಅವರು ನೋಡೋದು ಸಾಮಾನ್ಯವಾಗಿ ಟಿಮ್ಯಾಟಿಕ್ ಅಂತ, ಏರ್‌ಲೈನ್‌ಗಳ ಅಂತಾರಾಷ್ಟ್ರೀಯ ಸಂಘ ಐಯಾಟಾ ನಡೆಸೋ ಡೇಟಾಬೇಸ್, ಯಾವ ಪಾಸ್‌ಪೋರ್ಟ್ ಯಾವ ದೇಶಕ್ಕೆ ಯಾವ ಪೇಪರ್ ಅಂತ ಅದರಲ್ಲಿ ಇರತ್ತೆ. ಕೆಲವು ಏರ್‌ಲೈನ್ ಸೈಟಲ್ಲಿ ಇದನ್ನ ನಾವೂ ಫ್ರೀಯಾಗಿ ನೋಡ್ಬಹುದು. ಹೊರಡೋ ಹಿಂದಿನ ದಿನ ಅಲ್ಲಿ ನಿಮ್ಮ ವಿವರ ಹಾಕಿ ನೋಡಿ, ಸರ್ಕಾರಿ ಪೇಜಲ್ಲಿ ಇರೋದಕ್ಕೂ ಅದಕ್ಕೂ ವ್ಯತ್ಯಾಸ ಇದ್ರೆ ಅವತ್ತೇ ಏರ್‌ಲೈನಿಗೆ ಬರೆದು ಕೇಳಿ, ಕೌಂಟರಲ್ಲಿ ವಾದ ಮಾಡೋಕೆ ಇರೋದು ಒಂದರ್ಧ ಗಂಟೆ, ಹಿಂದೆ ಲೈನಲ್ಲಿ ಇರೋರ ಶಾಪ ಬೇರೆ. ನಿಮ್ಮದು ವಿನಾಯಿತಿ ಕೇಸ್ ಆದ್ರೆ ಆ ಆದೇಶದಲ್ಲಿ ಆ ಸಾಲಿಗೆ ಹೈಲೈಟರ್ ಹಾಕಿ ತಗೊಂಡ್ಹೋಗಿ, ಅವರಿಗೂ ಅವರ ಮೇಲಿನವರಿಗೆ ತೋರಿಸೋಕೆ ಏನಾದ್ರೂ ಬೇಕಲ್ಲ.

ಪೇಪರ್ರು

ಎಲ್ಲಾ ಪೇಪರಲ್ಲೂ ಹೆಸರು ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇರ್ಬೇಕು, ಇನಿಷಿಯಲ್ ಮುಂದೆ ಹಿಂದೆ ಆದ್ರೂ ತೊಂದ್ರೆ ಕೊಡತ್ತೆ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಇರ್ಬೇಕು ಅನ್ನೋ ದೇಶ ತುಂಬಾ ಇದೆ, ನಿರ್ಬಂಧದ ಟೈಮಲ್ಲಿ ಪ್ರಯಾಣ ಎಳೆದಾಡ್ಕೊಂಡು ಹೋಗೋದರಿಂದ ಇನ್ನೂ ಜಾಸ್ತಿ ಇದ್ರೆ ಒಳ್ಳೇದು. ತಾರೀಖು ಬರೆಯೋ ರೀತಿ ಇನ್ನೊಂದು ಚಿಕ್ಕ ಶನಿ, 04/05 ಅಂದ್ರೆ ಒಂದು ದೇಶಕ್ಕೆ ಮೇ 4, ಇನ್ನೊಂದಕ್ಕೆ ಏಪ್ರಿಲ್ 5, ತಿಂಗಳನ್ನ ಅಕ್ಷರದಲ್ಲಿ ಬರೆದು ಕೊಡೋಕೆ ಟೆಸ್ಟ್ ರಿಪೋರ್ಟ್ ಕೊಡೋ ಲ್ಯಾಬಿನವರಿಗೆ ಹೇಳಿ.

ಆರೋಗ್ಯ ಕಾರಣಕ್ಕೆ ಟೆಸ್ಟ್ ಕೇಳ್ತಿದ್ರೆ ಮೂರು ವಿಷಯ. 72 ಗಂಟೆ ಒಳಗಿನ ಟೆಸ್ಟ್ ಅಂದ್ರೆ ಎಲ್ಲಿಂದ ಲೆಕ್ಕ, ಸ್ಯಾಂಪಲ್ ಕೊಟ್ಟಿದ್ದರಿಂದನಾ ರಿಪೋರ್ಟ್ ಬಂದಿದ್ದರಿಂದನಾ, ಸಾಮಾನ್ಯವಾಗಿ ಸ್ಯಾಂಪಲ್ ಕೊಟ್ಟಿದ್ದರಿಂದ. ಎಲ್ಲಿವರೆಗೆ ಲೆಕ್ಕ, ಮೊದಲ ವಿಮಾನ ಹೊರಡೋವರೆಗಾ, ಕೊನೇ ವಿಮಾನ ಹೊರಡೋವರೆಗಾ, ಇಳಿಯೋವರೆಗಾ, ಇದು ದೇಶ ದೇಶಕ್ಕೆ ಬದಲಾಗತ್ತೆ, ಮಧ್ಯೆ ಉದ್ದದ ನಿಲುಗಡೆ ಇರೋರು ಇಲ್ಲೇ ಮಣ್ಣು ಮುಕ್ಕೋದು. ಗಂಟೆನಾ ದಿನಾನಾ ಅನ್ನೋದು ಮೂರನೇದು, ಅಮೆರಿಕ 2021ರ ಡಿಸೆಂಬರ್ 6ರಿಂದ ಒಂದು ದಿನ ಒಳಗಿನ ಟೆಸ್ಟ್ ಅಂತ ಮಾಡಿದಾಗ ಅದು 24 ಗಂಟೆ ಅಲ್ಲ, ಹಿಂದಿನ ದಿನ ಯಾವ ಹೊತ್ತಲ್ಲಿ ಮಾಡ್ಸಿದ್ರೂ ಆಗ್ತಿತ್ತು. ಟೆಸ್ಟ್ ಯಾವ ಥರದ್ದು ಅನ್ನೋದೂ ಬರೆದಿರತ್ತೆ, ಪಿಸಿಆರ್ ಕೇಳಿರೋ ಕಡೆ ಆಂಟಿಜೆನ್ ತಗೊಂಡ್ಹೋದ್ರೆ ಬೇಡ ಅಂತಾರೆ.

ಲಸಿಕೆ ವಿಷಯದಲ್ಲಿ ಔಷಧಿಗೆ ಒಪ್ಪಿಗೆ ಇರೋದು ಬೇರೆ, ಸರ್ಟಿಫಿಕೇಟ್‌ಗೆ ಒಪ್ಪಿಗೆ ಇರೋದು ಬೇರೆ. 2021ರ ಅಕ್ಟೋಬರ್ ಶುರುವಲ್ಲಿ ಬ್ರಿಟನ್ ಕೋವಿಶೀಲ್ಡ್ ಅನ್ನ ಒಪ್ಪಿತ್ತು ಆದ್ರೆ ಭಾರತದ ಸರ್ಟಿಫಿಕೇಟ್ ಒಪ್ಪಿರ್ಲಿಲ್ಲ, ಎರಡೂ ಡೋಸ್ ಆದವರೂ ಲಸಿಕೆ ಆಗದವರ ಲೆಕ್ಕದಲ್ಲಿ ಕ್ವಾರಂಟೈನ್ ಆಗ್ಬೇಕಿತ್ತು, ಭಾರತ ಅದಕ್ಕೆ ಪ್ರತಿಯಾಗಿ ಬ್ರಿಟನ್ನಿಂದ ಬರೋ ಬ್ರಿಟಿಷ್ ಪ್ರಜೆಗಳಿಗೂ ಹತ್ತು ದಿನ ಕ್ವಾರಂಟೈನ್ ಹಾಕ್ತು, ಆಮೇಲೆ 11ನೇ ತಾರೀಖಿಂದ ಸರಿಹೋಯ್ತು. ಹೀಗೆ ಎರಡು ಸರ್ಕಾರ ಜಗಳ ಆಡೋವಾಗ ನಡುವೆ ಸಿಕ್ಕವರು ಮಾಡೋಕೆ ಏನೂ ಇರಲ್ಲ, ಒಂದೆರಡು ವಾರ ಮುಂದೂಡೋಕೆ ಆದ್ರೆ ಮುಂದೂಡಿ. ಹಳದಿ ಜ್ವರದ ಲಸಿಕೆ ಇದಕ್ಕಿಂತ ಹಳೇ ವ್ಯವಸ್ಥೆ, ಅಂತಾರಾಷ್ಟ್ರೀಯ ಆರೋಗ್ಯ ನಿಯಮಗಳ ಕೆಳಗೆ ಕೊಡೋ ಹಳದಿ ಪುಸ್ತಕ, ಚುಚ್ಚಿಸ್ಕೊಂಡು 10 ದಿನ ಆದ ಮೇಲೆ ಮಾನ್ಯ, 2016ರ ಜುಲೈ 11ರಿಂದ ಜೀವನ ಪೂರ್ತಿ ಮಾನ್ಯ. ನಾಳೆ ವಿಮಾನ ಇಟ್ಕೊಂಡು ಇವತ್ತು ಚುಚ್ಚಿಸ್ಕೊಂಡ್ರೆ ಪ್ರಯೋಜನ ಇಲ್ಲ.

ಮಕ್ಕಳಿಗೆ ವಿನಾಯಿತಿ ವಯಸ್ಸು ಬೇರೆ ಬೇರೆ ಇರತ್ತೆ, ಟೆಸ್ಟಿಗೆ ಒಂದು ವಯಸ್ಸು ಲಸಿಕೆಗೆ ಇನ್ನೊಂದು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೇ ಕರ್ಕೊಂಡು ಹೋಗ್ತಿದ್ರೆ ಇನ್ನೊಬ್ಬರ ಒಪ್ಪಿಗೆ ಪತ್ರ ಇಟ್ಕೊಳ್ಳಿ.

ವಿನಾಯಿತಿ ಅರ್ಜಿ ಹಾಕೋದಿದ್ರೆ ಕಥೆ ಬರೀಬೇಡಿ, ದಾಖಲೆ ಹಚ್ಚಿ. ಆಸ್ಪತ್ರೆ ಪತ್ರ, ಸಂಬಂಧ ತೋರಿಸೋ ಜನನ ಅಥವಾ ಮದುವೆ ಪ್ರಮಾಣಪತ್ರ, ಕೆಲಸದ ಪತ್ರದಲ್ಲಿ ನೀವೇ ಖುದ್ದು ಯಾಕೆ ಬರ್ಬೇಕು ಅನ್ನೋ ಸಾಲು, ಆಯಾ ಭಾಷೆಗೆ ಅಧಿಕೃತ ಅನುವಾದ. ಟೂರಿಗೆ ಹೋಗ್ತಾ ಕೆಲಸ ಅಂತ ಬರೆಯೋದು ಜಾಣತನ ಅನ್ಸತ್ತೆ, ಸಿಕ್ಕಿಬಿದ್ರೆ ಸುಳ್ಳು ಹೇಳಿದ್ದು ಅಂತ ದಾಖಲಾಗಿ ಮುಂದಿನ ಎಷ್ಟೋ ವರ್ಷದ ವೀಸಾಗೆ ಕಲ್ಲು ಬೀಳತ್ತೆ.

ಮಧ್ಯೆ ಇಳಿಯೋ ದೇಶ

ಒಂದೇ ಟಿಕೆಟಲ್ಲಿ ಲಗೇಜ್ ಕೊನೇವರೆಗೆ ಹೋಗೋ ಹಾಗಿದ್ರೆ, ನೀವು ಸಾಮಾನ್ಯವಾಗಿ ಏರ್‌ಪೋರ್ಟ್ ಒಳಗೇ ಇರ್ತೀರಿ, ಇಮಿಗ್ರೇಷನ್ ದಾಟಲ್ಲ, ಆದ್ರೆ ಅಮೆರಿಕ ಥರದ ಕಡೆ ಬರೀ ವಿಮಾನ ಬದಲಾಯಿಸೋಕೂ ದಾಟ್ಬೇಕು. ಎರಡು ಬೇರೆ ಬೇರೆ ಟಿಕೆಟ್ ಅಗ್ಗ ಅಂತ ತಗೊಂಡ್ರೆ ಲಗೇಜ್ ಇಸ್ಕೊಂಡು ಮತ್ತೆ ಚೆಕ್ ಇನ್ ಮಾಡ್ಬೇಕು, ಅಂದ್ರೆ ಆ ದೇಶದ ಒಳಗೆ ಹೋಗ್ಬೇಕು, ಅಂದ್ರೆ ಅವರ ಪ್ರವೇಶ ನಿಯಮ ಪೂರ್ತಿ ನಿಮಗೆ ಅನ್ವಯ. ಟರ್ಮಿನಲ್ ಬದಲಾಗೋ ಕಡೆನೂ ಇದೇ ಗೋಳು ಇರ್ಬಹುದು. ಮಾಮೂಲಿ ದಿನದಲ್ಲಿ ಇದು ಸುಸ್ತು ಅಷ್ಟೇ, ನಿರ್ಬಂಧದ ದಿನದಲ್ಲಿ ಮೊದಲ ಏರ್‌ಪೋರ್ಟಲ್ಲೇ ನಿಮ್ಮನ್ನ ಹತ್ತಿಸಲ್ಲ. ಇನ್ನು ಕೆಲವು ಸಲ ಒಳಗಡೆ ಕೂರೋದಕ್ಕೂ ಬಿಡಲ್ಲ, 2020ರ ಮಾರ್ಚ್ ಕೊನೇ ವಾರದಲ್ಲಿ ಸಿಂಗಪುರ ಹಾಂಗ್‌ಕಾಂಗ್ ಎರಡೂ ಟ್ರಾನ್ಸಿಟ್ ನಿಲ್ಲಿಸಿದ್ವು, ಏಷ್ಯಾದ ಎಷ್ಟೋ ದಾರಿಗಳು ಅಲ್ಲೇ ಹಾದುಹೋಗೋದು. ನನ್ನ ಕೇಳಿದ್ರೆ ಇಂಥ ಟೈಮಲ್ಲಿ ದುಡ್ಡು ಜಾಸ್ತಿ ಆದ್ರೂ ನೇರ ವಿಮಾನ, ಅದಿಲ್ಲ ಅಂದ್ರೆ ಒಂದೇ ನಿಲುಗಡೆ ಒಂದೇ ಟಿಕೆಟ್. ದೇಶ ಜಾಸ್ತಿ ಆದಷ್ಟು ನಿಯಮ ಬದಲಾಗೋ ಜಾಗ ಜಾಸ್ತಿ.

ರಸ್ತೆ ಗಡಿ

ಇಲ್ಲಿ ದೇಶ ನೋಡಿದ್ರೆ ಸಾಲ್ದು, ಚೆಕ್‌ಪೋಸ್ಟ್ ಹೆಸರು ಹಿಡಿದು ನೋಡ್ಬೇಕು. ಯಾವ ಪೋಸ್ಟ್, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ನಡ್ಕೊಂಡು ಹೋಗೋರಿಗಾ ಗಾಡಿಗಾ, ವಿದೇಶಿಯರಿಗೆ ಇದೆಯಾ ಬರೀ ಅಕ್ಕಪಕ್ಕದ ಎರಡು ದೇಶದವರಿಗಾ. ಮತ್ತೆ ಎರಡೂ ಕಡೆ ತೆಗೆದಿರ್ಬೇಕು, ಒಂದು ಕಡೆ ಎಕ್ಸಿಟ್ ಸ್ಟ್ಯಾಂಪ್ ಬಿದ್ದು ಇನ್ನೊಂದು ಕಡೆ ಒಳಗೆ ಬಿಡ್ಲಿಲ್ಲ ಅಂದ್ರೆ ವೀಸಾ ಒಂದೇ ಎಂಟ್ರಿದಾಗಿದ್ರೆ ವಾಪಸ್ ಬರೋಕೂ ವೀಸಾ ಇಲ್ಲ, ನಡುವಿನ ಜಾಗದಲ್ಲಿ ತ್ರಿಶಂಕು. ಅದಕ್ಕೆ ಎಕ್ಸಿಟ್ ಸ್ಟ್ಯಾಂಪ್ ಹಾಕ್ಸೋ ಮುಂಚೆ ಆಚೆ ಕಡೆ ಇವತ್ತು ಜನ ಒಳಗೆ ಹೋಗ್ತಿದಾರಾ ಅಂತ ಅಲ್ಲಿನ ಆಫೀಸರನ್ನೇ ಕೇಳಿ, ಅವರಿಗೆ ಗೊತ್ತಿರತ್ತೆ.

ಭದ್ರತೆ ಕಾರಣಕ್ಕೆ ಮುಚ್ಚಿದ್ರೆ ಟೈಮ್ ಸಿಗೋದೇ ಇಲ್ಲ. 2025ರ ಏಪ್ರಿಲ್ 23ಕ್ಕೆ ಭಾರತ ಪಾಕಿಸ್ತಾನ ಗಡಿಯ ಅಟ್ಟಾರಿ ಚೆಕ್‌ಪೋಸ್ಟ್ ಮುಚ್ಚಿದ್ದು ತಕ್ಷಣದಿಂದ, ಸರಿಯಾದ ಪೇಪರ್ ಮೇಲೆ ಆಗ್ಲೇ ದಾಟಿದ್ದವರು ಮೇ 1ರ ಒಳಗೆ ಅದೇ ದಾರೀಲಿ ವಾಪಸ್ ಬರ್ಬಹುದು ಅಂತ ಅಷ್ಟೇ ಅವಕಾಶ. ಇಂಥ ಗಡುವು ಬಂದಾಗ ಇನ್ನೂ ನಾಲ್ಕು ದಿನ ಇದೆಯಲ್ಲ ಅಂತ ಕೂರ್ಬೇಡಿ, ಕೊನೇ ದಿನ ಲೈನ್ ಹೇಗಿರತ್ತೆ ಅಂತ ಹೇಳೋದು ಬೇಡ.

ಯುರೋಪಿನ ಷೆಂಗೆನ್ ಒಳಗಿನ ಗಡಿಗಳಲ್ಲಿ ಆಗಾಗ ತಾತ್ಕಾಲಿಕ ತಪಾಸಣೆ ಬರತ್ತೆ, ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲಾ ರಸ್ತೆ ಗಡಿಗಳಿಗೂ ಹಾಕಿತ್ತು. ತಪಾಸಣೆ ಅಂದ್ರೆ ಮುಚ್ಚಿದ್ದಲ್ಲ, ಬಸ್ಸು ರೈಲಲ್ಲಿ ಹತ್ತಿ ಪಾಸ್‌ಪೋರ್ಟ್ ಕೇಳ್ತಾರೆ ಅಷ್ಟೇ, ಹೋಟೆಲಲ್ಲಿ ಬಿಟ್ಟು ಪಕ್ಕದ ದೇಶಕ್ಕೆ ಬೆಳಗ್ಗೆ ಹೋಗಿ ಸಂಜೆ ಬರೋಣ ಅನ್ನೋರು ಹುಷಾರು. ಟೂರಿಸ್ಟ್ ಷೆಂಗೆನ್ ಒಳಗೆ 180 ದಿನದಲ್ಲಿ 90 ದಿನ ಮಾತ್ರ ಇರ್ಬಹುದು ಅನ್ನೋ ಲೆಕ್ಕ ತಪಾಸಣೆ ಇದ್ರೂ ಹಾಗೇ ಓಡ್ತಿರತ್ತೆ.

ಕಾಡು ಹೊಳೆ ದಾಟಿ ಹೋಗೋ ಯೋಚನೆ ಬೇಡ. ಎಂಟ್ರಿ ಸ್ಟ್ಯಾಂಪ್ ಇಲ್ಲದೆ ಒಳಗಿದ್ರೆ ಮುಂದೆ ಹೊರಗೆ ಹೋಗೋಕೂ ತೊಂದ್ರೆ ಆಗತ್ತೆ, ಹೋಟೆಲ್ ಬ್ಯಾಂಕ್ ಸಿಮ್ ಇವಕ್ಕೂ ಎಷ್ಟೋ ಕಡೆ ಅದನ್ನ ಕೇಳ್ತಾರೆ. ಜೀವಭಯದಿಂದ ಓಡಿ ಬರೋರ ವಿಷಯ ಬೇರೆ, ಅವರಿಗೆ 1951ರ ನಿರಾಶ್ರಿತರ ಒಪ್ಪಂದದ ರಕ್ಷಣೆ ಇದೆ, ಅಪಾಯ ಇರೋ ಜಾಗಕ್ಕೆ ವಾಪಸ್ ತಳ್ಳೋ ಹಾಗಿಲ್ಲ ಅನ್ನೋದು ಅದರ 33ನೇ ವಿಧಿ.

ದುಡ್ಡು

ಏರ್‌ಲೈನ್ ಕ್ಯಾನ್ಸಲ್ ಮಾಡಿದ್ರೆ ಒಂದು ಲೆಕ್ಕ, ನೀವು ಕ್ಯಾನ್ಸಲ್ ಮಾಡಿದ್ರೆ ಇನ್ನೊಂದು. ಯುರೋಪಿನಲ್ಲಿ ವಿಮಾನ ಪ್ರಯಾಣಿಕರ ಹಕ್ಕಿಗೆ ಇರೋ 261ನೇ ನಿಯಮದ ಕೆಳಗೆ ಬರೋ ವಿಮಾನ ರದ್ದಾದ್ರೆ ಟಿಕೆಟ್ ದುಡ್ಡು ವಾಪಸ್ ಅಥವಾ ಬೇರೆ ವಿಮಾನ, ಆಯ್ಕೆ ನಿಮ್ಮದು, ದುಡ್ಡು ಕೇಳಿದ್ರೆ ಏಳು ದಿನದಲ್ಲಿ ಕೊಡ್ಬೇಕು, ಗಡಿ ಬಂದ್ ಥರದ ಅಸಾಮಾನ್ಯ ಕಾರಣ ಇದ್ರೆ ಟಿಕೆಟ್ ದುಡ್ಡಲ್ಲದೆ ಹೆಚ್ಚಿಗೆ ಕೊಡೋ ಪರಿಹಾರ ಸಿಗದೇ ಹೋಗ್ಬಹುದು ಆದ್ರೆ ಟಿಕೆಟ್ ದುಡ್ಡು ಕೊಡಲೇಬೇಕು. ವೋಚರ್ ಕೊಡ್ತೀವಿ ಅಂದ್ರೆ ಬೇಡ ಅನ್ನೋ ಹಕ್ಕಿದೆ. ಆದ್ರೆ ವಿಮಾನ ಹಾರತ್ತೆ, ನಿಯಮದಿಂದ ನಿಮಗೆ ಮಾತ್ರ ಹತ್ತೋಕೆ ಆಗ್ತಿಲ್ಲ ಅಂದ್ರೆ ಅದು ರದ್ದು ಅಲ್ಲ, ಟಿಕೆಟ್ ಷರತ್ತಿನ ಪ್ರಕಾರ ಸಿಕ್ಕಷ್ಟು. ಅದಕ್ಕೆ ಗಾಬರೀಲಿ ಮೊದಲೇ ನೀವಾಗಿ ಕ್ಯಾನ್ಸಲ್ ಬಟನ್ ಒತ್ಬೇಡಿ, ಎಷ್ಟೋ ಸಲ ಹೊರಡೋ ಎರಡು ದಿನ ಮುಂಚೆ ಏರ್‌ಲೈನೇ ರದ್ದು ಮಾಡತ್ತೆ. ಇನ್ಶೂರೆನ್ಸಲ್ಲಿ ಆಗಲೇ ಗೊತ್ತಿದ್ದ ಘಟನೆಗೆ ಕವರ್ ಇಲ್ಲ ಅನ್ನೋ ಸಾಲು ಇರತ್ತೆ, ನಿರ್ಬಂಧ ಘೋಷಣೆ ಆದ ಮೇಲೆ ಪಾಲಿಸಿ ತಗೊಂಡ್ರೆ ಆ ನಿರ್ಬಂಧಕ್ಕೆ ಅದು ಬರಲ್ಲ.

ಸಿಕ್ಕಾಕೊಂಡ್ರೆ

ವೀಸಾ ಮುಗಿಯೋ ಮುಂಚೆ ಅದನ್ನ ಮುಂದುವರಿಸೋಕೆ ಅರ್ಜಿ ಹಾಕಿ, ಮುಗಿದ ಮೇಲೆ ಅಲ್ಲ. ವಿಮಾನ ರದ್ದಾಗಿದೆ ಅನ್ನೋ ಇಮೇಲ್, ಹೊಸ ಬುಕಿಂಗ್ ಮಾಡೋಕೆ ಟ್ರೈ ಮಾಡಿದ್ದಕ್ಕೆ ಸಾಕ್ಷಿ ಇಟ್ಕೊಳ್ಳಿ. 2020ರಲ್ಲಿ ಎಷ್ಟೋ ದೇಶಗಳು ವೀಸಾ ತಾನಾಗೇ ಮುಂದುವರೀತು ಅಂತ ಘೋಷಣೆ ಮಾಡಿದ್ವು, ಎಲ್ಲಾ ದೇಶ ಮಾಡ್ಲಿಲ್ಲ, ಯಾರೋ ಹೇಳಿದ್ರು ಅಂತ ಕೂರ್ಬೇಡಿ, ಬರಹದಲ್ಲಿ ಕೇಳಿ ಬರಹದಲ್ಲಿ ಉತ್ತರ ಇಸ್ಕೊಳ್ಳಿ. ನಿಮ್ಮ ದೇಶದ ರಾಯಭಾರ ಕಚೇರೀಲಿ ಹೆಸರು ರಿಜಿಸ್ಟರ್ ಮಾಡಿ, ವಾಪಸ್ ಕರ್ಕೊಂಡು ಹೋಗೋ ವಿಶೇಷ ವಿಮಾನದ ಪಟ್ಟಿ ಅಲ್ಲಿಂದಾನೇ ಶುರುವಾಗೋದು.

ಗಡೀಲಿ ಇಲ್ಲ ಅಂದ್ರೆ ಕೂಗಾಡ್ಬೇಡಿ, ಕಾರಣ ಬರೆದು ಕೊಡೋಕೆ ಕೇಳಿ, ಕೊಟ್ಟ ಪೇಪರ್ ಓದದೆ ಸಹಿ ಹಾಕ್ಬೇಡಿ. ಅಮೆರಿಕದಲ್ಲಿ ಪ್ರವೇಶದ ಅರ್ಜಿ ನಾವಾಗೇ ವಾಪಸ್ ತಗೊಂಡು ಹೋಗೋದಕ್ಕೂ ಹೊರಗೆ ಹಾಕೋ ಆದೇಶ ಆಗೋದಕ್ಕೂ ಭಾರಿ ವ್ಯತ್ಯಾಸ ಇದೆ, ಗಡೀಲಿ ತಕ್ಷಣ ಹೊರಗೆ ಹಾಕೋ ಆದೇಶ ಆದ್ರೆ ಐದು ವರ್ಷ ಮತ್ತೆ ಬರೋ ಹಾಗಿಲ್ಲ. ಭಾಷೆ ಬರ್ದೇ ಇದ್ರೆ ಅನುವಾದಕರನ್ನ ಕೇಳಿ. ಹಿಡಿದು ಕೂರಿಸಿದ್ರೆ ನಿಮ್ಮ ದೇಶದ ಕಾನ್ಸುಲೇಟಿಗೆ ತಿಳಿಸಿ ಅಂತ ಕೇಳೋ ಹಕ್ಕು 1963ರ ವಿಯೆನ್ನಾ ಒಪ್ಪಂದದಲ್ಲಿದೆ.

ದಾಟಿದ ಮೇಲೆ ಕ್ವಾರಂಟೈನ್ ಇದ್ರೆ ದಿನ ಎಣಿಸೋದು ನೋಡ್ಕೊಳ್ಳಿ, 2021ರಲ್ಲಿ ಬ್ರಿಟನ್ ಥರ ಕೆಲವು ಕಡೆ ಬಂದ ದಿನ ಸೊನ್ನೆ, ಮಾರನೇ ದಿನ ಒಂದು ಅಂತ ಇತ್ತು. ಅಲ್ಲಿಂದ ಇನ್ನೊಂದು ಊರಿಗೆ ಒಳನಾಡಿನ ವಿಮಾನ ಹತ್ಬಹುದಾ ಅಥವಾ ಇಳಿದ ಊರಲ್ಲೇ ಮುಗಿಸ್ಬೇಕಾ ಅಂತಾನೂ. ಫೋನ್ ನಂಬರ್ ಆ ದೇಶದಲ್ಲಿ ಕೆಲಸ ಮಾಡೋದು ಕೊಡಿ, ಚೆಕ್ ಮಾಡೋಕೆ ಫೋನ್ ಮಾಡಿದಾಗ ಎತ್ಲಿಲ್ಲ ಅಂದ್ರೆ ಮನೇಲಿಲ್ಲ ಅಂತ ಬರ್ಕೋತಾರೆ. ಬೋರ್ಡಿಂಗ್ ಪಾಸು, ಸ್ಟ್ಯಾಂಪಿನ ಫೋಟೋ, ಟೆಸ್ಟ್ ರಿಪೋರ್ಟು ಬಿಸಾಕ್ಬೇಡಿ, ಮುಂದಿನ ದೇಶ ನೀವು ಕಳೆದ 14 ದಿನ ಎಲ್ಲಿದ್ರಿ ಅಂತ ಕೇಳಿದ್ರೆ ತೋರಿಸೋಕೆ ಅದೇ ಬೇಕಾಗೋದು, ಮತ್ತೆ ವಾಪಸ್ ಬರೋ ದಾರಿಯ ಆದೇಶ ಬೇರೇನೇ ಇರತ್ತೆ, ರಿಟರ್ನ್ ಟಿಕೆಟ್ ತಾರೀಖಿಗೆ ಒಂದು ವಾರ ಇರೋವಾಗ ಅದನ್ನ ಮೊದಲ ಸಾಲಿಂದ ಮತ್ತೆ ಓದಿ.